ಒಂದೇ ಮನೆಯ ಎರಡು ಗುಳಿಗೆಗಳು

ನಮ್ಮ ನಾಡಿನ ಹಳೆಯ ಛತ್ರಗಳ ಜಗಲಿಯಲ್ಲಿ, ದೇವಾಲಯಗಳ ಕಲ್ಲುಹಾಸಿನ ಮೇಲೆ, ಈಚಿನ ಆಸ್ಪತ್ರೆ ವಿದ್ಯಾಲಯಗಳ ಅಮೃತಶಿಲೆಯ ಫಲಕಗಳಲ್ಲಿ ದಾನಿಗಳ ನಾಮಾವಳಿಯನ್ನು ಓದುತ್ತ ಹೋಗುವವನಿಗೆ, ಕೊಟ್ಟ ಮೊತ್ತವು ರೂಪಾಯಿ ಲೆಕ್ಕದಲ್ಲಿ ಕೆತ್ತಲ್ಪಟ್ಟಿರುವುದೂ, ಆ ಮೊತ್ತವು ಕೂಡಿಬಂದ ಬಗೆಯನ್ನು ಕುರಿತು ಕಲ್ಲು ಏನನ್ನೂ ಹೇಳದಿರುವುದೂ ಏಕಕಾಲದಲ್ಲಿ ಗೋಚರವಾಗುತ್ತವೆ. ಇದರಲ್ಲಿ ಆಕ್ಷೇಪಿಸತಕ್ಕದ್ದು ವಿಶೇಷವಾಗಿ ಏನೂ ಇಲ್ಲ. ಫಲಕವನ್ನು ನೆಡುವುದು ಕೃತಜ್ಞತೆಯ ಸಲುವಾಗಿ, ವಿಚಾರಣೆಯ ಸಲುವಾಗಿಯಲ್ಲ. ಆದರೆ ಇದೇ ನಾಡಿನಲ್ಲಿ, ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ದಾಸೋಹದ ಪ್ರಮಾಣಕ್ಕಿಂತ ಕಾಯಕದ ಶುದ್ಧಿಯನ್ನೇ ಮೊದಲು ಕೇಳಿದ ಜನರೂ ಇದ್ದರು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮರಿಗೆ ಉಣಬಡಿಸುತ್ತಿದ್ದ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚಾಗಿ ತಂದಾಗ, ಅದನ್ನು ತಂದಲ್ಲಿಗೇ ಸುರಿದು ಬರುವಂತೆ ಅವನ ಹೆಂಡತಿ ಲಕ್ಕಮ್ಮ ಹಿಂದಿರುಗಿಸಿ ಕಳುಹಿದಳೆಂಬ ವೃತ್ತಾಂತವನ್ನು ಅರಿಯದ ಕನ್ನಡಿಗರು ವಿರಳ. ಆ ಅಕ್ಕಿಯೂ ದಾಸೋಹಕ್ಕೇ ಸಲ್ಲತಕ್ಕದ್ದಾಗಿದ್ದಿತು, ಅದರಿಂದ ಇನ್ನೂ ನಾಲ್ಕು ಮಂದಿಯ ಹಸಿವು ತಣಿಯಬಹುದಾಗಿದ್ದಿತು. ಆದರೂ ಆ ತಾಯಿ ಒಲ್ಲೆನೆಂದಳು.

ವ್ಯಾಪಾರದ ಧರ್ಮಾಧರ್ಮ ವಿವೇಚನೆಯೆಂಬ ವಿಷಯವನ್ನು ಈಗ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಒಂದು ಪಠ್ಯವನ್ನಾಗಿ ಬೋಧಿಸುತ್ತಾರೆ. ಅಲ್ಲಿ ಎರಡು ಪಕ್ಷಗಳನ್ನು ಎದುರುಬದುರಾಗಿ ನಿಲ್ಲಿಸುವುದು ವಾಡಿಕೆ. ನ್ಯಾಯನಿಯಮಗಳ ಎಲ್ಲೆಯೊಳಗಿದ್ದು ಷೇರುದಾರರ ಲಾಭವನ್ನು ಹೆಚ್ಚಿಸುವುದೇ ಕಂಪನಿಯ ಸಾಮಾಜಿಕ ಹೊಣೆಯೆಂದು 1970ರಲ್ಲಿ ಮಿಲ್ಟನ್ ಫ್ರೀಡ್ಮನ್ ಎಂಬ ಅರ್ಥಶಾಸ್ತ್ರಜ್ಞನು ಒಂದು ವೃತ್ತಪತ್ರಿಕೆಯ ಭಾನುವಾರದ ಸಂಚಿಕೆಯಲ್ಲಿ ವಾದಿಸಿದುದು ಒಂದು ಪಕ್ಷ. ಕಂಪನಿಯ ನಿರ್ಧಾರದಿಂದ ಸುಖವನ್ನೋ ದುಃಖವನ್ನೋ ಪಡೆಯತಕ್ಕ ಕೆಲಸಗಾರರು, ಗಿರಾಕಿಗಳು, ಸರಕು ಒದಗಿಸುವವರು, ನೆರೆಹೊರೆಯ ಊರವರು, ಇವರೆಲ್ಲರೂ ಅದರ ಹಿತಾಸಕ್ತರೇ, ಇವರೆಲ್ಲರಿಗೂ ಅದು ಉತ್ತರಿಸಬೇಕು ಎಂದು 1984ರಲ್ಲಿ ಎಡ್ವರ್ಡ್ ಫ್ರೀಮನ್ ಎಂಬಾತನು ಗ್ರಂಥಮುಖದಿಂದ ಪ್ರತಿಪಾದಿಸಿದುದು ಇನ್ನೊಂದು. ಈ ಎರಡನೆಯ ಪಕ್ಷಕ್ಕೆ ಉಜ್ಜ್ವಲವಾದ ಉದಾಹರಣೆಯೆಂದು ಬಹಳ ಕಾಲದಿಂದ ತರಗತಿಗಳಲ್ಲಿ ಹೇಳಿಕೊಂಡು ಬಂದಿರುವುದು, ಅಮೆರಿಕದ ಮರ್ಕ್ ಎಂಬ ಔಷಧ ಕಂಪನಿಯು ಆಫ್ರಿಕದ ಬಡಜನರಿಗೆ ಒಂದು ಗುಳಿಗೆಯನ್ನು ಪುಕ್ಕಟೆಯಾಗಿ ಹಂಚಿದ ಕಥೆ. ಕಥೆ ಸತ್ಯವಾದುದೇ. ಆದರೆ ಅದೇ ಕಂಪನಿಯು ಮುಂದೆ ಇನ್ನೊಂದು ಗುಳಿಗೆಯ ವಿಷಯದಲ್ಲಿ ನಡೆದುಕೊಂಡ ರೀತಿಯನ್ನು ಬೇರೊಂದು ದಿನ, ಬೇರೊಂದು ಅಧ್ಯಾಯದಲ್ಲಿ, ಬೇರಾವುದೋ ಕಂಪನಿಯ ಕಥೆಯೆಂಬಂತೆ ಹೇಳಿ ಮುಗಿಸುವುದರಿಂದ, ಎರಡನ್ನೂ ಕೂಡಿಸಿ ನೋಡಿದಾಗ ಮಾತ್ರ ಕಾಣತಕ್ಕ ಒಂದು ಸಂಗತಿಯು ವಿದ್ಯಾರ್ಥಿಯ ಕಣ್ಣಿಗೆ ಬೀಳದೆ ಹೋಗುತ್ತದೆ.

ಮರ್ಕ್ ಎಂಬ ಹೆಸರಿನ ಇನ್ನೊಂದು ಪುರಾತನ ಸಂಸ್ಥೆ ಜರ್ಮನಿಯಲ್ಲಿಯೂ ಉಂಟು. ಮೊದಲನೆಯ ಮಹಾಯುದ್ಧದ ಗೊಂದಲದಲ್ಲಿ ಅಮೆರಿಕದ ಶಾಖೆಯು ಅದರಿಂದ ಬೇರ್ಪಟ್ಟು ಸ್ವತಂತ್ರವಾಯಿತು. ಇಲ್ಲಿ ಪ್ರಸ್ತಾಪಿಸುತ್ತಿರುವುದು ನಮ್ಮ ದೇಶದಲ್ಲಿ ಎಂಎಸ್‌ಡಿ ಎಂಬ ಹೆಸರಿನಿಂದ ವ್ಯವಹರಿಸುವ ಅಮೆರಿಕದ ಸಂಸ್ಥೆಯನ್ನು. ಅದರ ಅಧ್ಯಕ್ಷನಾಗಿದ್ದ ಜಾರ್ಜ್ ಮರ್ಕ್‌ನು 1950ರ ಡಿಸೆಂಬರಿನಲ್ಲಿ ವರ್ಜೀನಿಯದ ವೈದ್ಯಕೀಯ ಕಾಲೇಜೊಂದರಲ್ಲಿ ಮಾತನಾಡುತ್ತ, ಔಷಧವಿರುವುದು ಜನಕ್ಕಾಗಿ, ಲಾಭಕ್ಕಾಗಿಯಲ್ಲ, ಇದನ್ನು ಮರೆಯದವರಿಗೆ ಲಾಭವು ತಾನಾಗಿಯೇ ಒದಗಿ ಬಂದಿದೆ ಎಂಬ ಅರ್ಥದ ಮಾತನ್ನಾಡಿದನು. ಉಪನ್ಯಾಸ ವೇದಿಕೆಗಳ ಮೇಲೆ ಆಡಿದ ಇಂತಹ ಮಾತುಗಳಿಗೆ ನಾವು ಸಾಮಾನ್ಯವಾಗಿ ಹೆಚ್ಚು ಬೆಲೆ ಕಟ್ಟುವುದಿಲ್ಲ, ಕಟ್ಟಲೂಬಾರದು. ಆದರೆ ಈ ಮಾತನ್ನು ಆ ಸಂಸ್ಥೆಯ ಸಂಶೋಧಕರು ಮುಂದಿನ ತಲೆಮಾರಿನಲ್ಲಿಯೂ ನೆನೆಯುತ್ತಿದ್ದರೆಂಬುದಕ್ಕೆ ಪ್ರಮಾಣಗಳುಂಟು.

ಈಗ ರೋಗದ ವಿಷಯ. ಆಫ್ರಿಕದ ವೇಗವಾಹಿನಿಗಳಾದ ನದಿಗಳ ನೊರೆನೀರಿನಲ್ಲಿ ಒಂದು ಜಾತಿಯ ಪುಟ್ಟ ಕಪ್ಪು ನೊಣವು ಮೊಟ್ಟೆಯಿಡುತ್ತದೆ. ಅದು ಮನುಷ್ಯನನ್ನು ಕಚ್ಚಿದಾಗ ಒಂದು ಬಗೆಯ ದಾರಹುಳುವಿನ ಮರಿಗಳು ಮೈಯನ್ನು ಹೊಗುತ್ತವೆ. ಬೆಳೆದ ಹೆಣ್ಣುಹುಳು ಚರ್ಮದ ಕೆಳಗೆ ಗಂಟು ಕಟ್ಟಿಕೊಂಡು ಹತ್ತು ಹದಿನೈದು ವರ್ಷ ಬಾಳುತ್ತ ಲಕ್ಷೋಪಲಕ್ಷ ಸೂಕ್ಷ್ಮಮರಿಗಳನ್ನು ಹಡೆಯುತ್ತದೆ. ಇವು ಚರ್ಮದೊಳಗೆಲ್ಲ ಸಂಚರಿಸುವುದರಿಂದ ಹಗಲಿರುಳೂ ತಾಳಲಾರದ ತುರಿ, ಚಿರತೆಯ ಮೈಯಂತೆ ಬಣ್ಣಗೆಟ್ಟ ಚರ್ಮ, ಕೊನೆಗೆ ಕಣ್ಣನ್ನು ಹೊಕ್ಕಾಗ ಕುರುಡು. ನದಿಯ ದಡದವರಿಗೇ ಹೆಚ್ಚಾಗಿ ಬರುವುದರಿಂದ ಇದಕ್ಕೆ ನದೀಅಂಧತ್ವವೆಂಬ ಹೆಸರು ಬಂದಿತು. ಪಶ್ಚಿಮ ಆಫ್ರಿಕದ ಅನೇಕ ಕಣಿವೆಗಳಲ್ಲಿ ಫಲವತ್ತಾದ ಭೂಮಿಯನ್ನು ಪಾಳುಬಿಟ್ಟು ಜನರು ದಿಣ್ಣೆಯ ಬರಡುನೆಲಕ್ಕೆ ಗುಳೆ ಹೋದರು. ಹೋಗಲಾರದೆ ಉಳಿದವರ ಊರುಗಳಲ್ಲಿ, ಕುರುಡನಾದ ಮುದುಕನು ಒಂದು ಕೋಲಿನ ತುದಿಯನ್ನು ಹಿಡಿದು, ಇನ್ನೊಂದು ತುದಿಯನ್ನು ಹಿಡಿದ ಹುಡುಗನ ಹಿಂದೆ ನಡೆಯುವುದು ದಿನನಿತ್ಯದ ನೋಟವಾಗಿದ್ದಿತು; ಹಾಗೆ ನಡೆಸಿಕೊಂಡು ಹೋಗುವ ಹುಡುಗನಿಗೆ ಶಾಲೆಯೆಂಬುದಿಲ್ಲ, ಬೆಳೆದಮೇಲೆ ಅವನಿಗೂ ಅದೇ ಗತಿ. ಜಗತ್ತಿನಲ್ಲಿ ಸುಮಾರು 1.8 ಕೋಟಿ ಜನರಿಗೆ ಈ ಸೋಂಕು ಇದೆಯೆಂದು ಆಗ ಅಂದಾಜು ಮಾಡಿದ್ದರು. 1974ರಿಂದ ವಿಶ್ವ ಆರೋಗ್ಯ ಸಂಸ್ಥೆ, ವಿಶ್ವ ಬ್ಯಾಂಕು ಮೊದಲಾದವು ಕೂಡಿ ಹೆಲಿಕಾಪ್ಟರುಗಳಿಂದ ನದಿಗಳಿಗೆ ಕೀಟನಾಶಕವನ್ನು ಸಿಂಪಡಿಸುವ ಮಹಾಕಾರ್ಯವನ್ನು ಆರಂಭಿಸಿ ನೊಣಗಳನ್ನು ಬಹುಮಟ್ಟಿಗೆ ಅಡಗಿಸಿದುವು. ಆದರೆ ಮೈಯೊಳಗೆ ಆಗಲೇ ಸೇರಿದ್ದ ಹುಳುವಿಗೆ ನಿರಪಾಯವಾದ ಮದ್ದು ಇರಲಿಲ್ಲ. ಇದ್ದ ಎರಡು ಮದ್ದುಗಳೂ ರೋಗಿಯನ್ನು ಹಣ್ಣು ಮಾಡುವಂಥವು.

ಮದ್ದು ದೊರೆತುದು ಯಾರೂ ಹುಡುಕದ ಸ್ಥಳದಲ್ಲಿ. ಜಪಾನಿನ ಕಿಟಸಾಟೊ ಸಂಸ್ಥೆಯ ಸತೋಶಿ ಓಮುರ ಎಂಬ ವಿಜ್ಞಾನಿಗೆ, ಹೋದಲ್ಲೆಲ್ಲ ಚಿಕ್ಕ ಚೀಲದಲ್ಲಿ ಒಂದಿಷ್ಟು ಮಣ್ಣನ್ನು ತುಂಬಿಕೊಂಡು ಬಂದು ಅದರಲ್ಲಿರುವ ಸೂಕ್ಷ್ಮಜೀವಿಗಳನ್ನು ಪರಿಶೀಲಿಸುವ ಹವ್ಯಾಸ. ಇಟೊ ಎಂಬ ಊರಿನ ಗಾಲ್ಫ್ ಮೈದಾನವೊಂದರ ಸಮೀಪದ ಮಣ್ಣಿನಿಂದ ಬೇರ್ಪಡಿಸಿದ ಒಂದು ಜೀವಿಯನ್ನು ಆತನು ಮರ್ಕ್‌ನ ಪ್ರಯೋಗಾಲಯಕ್ಕೆ ಕಳುಹಿದನು. ಅಲ್ಲಿ ವಿಲಿಯಂ ಕ್ಯಾಂಬೆಲ್ ಎಂಬ ಐರಿಷ್ ಮೂಲದ ಪರಾವಲಂಬಿಜೀವಿ ತಜ್ಞನ ತಂಡವು, ಆ ಜೀವಿ ಸ್ರವಿಸುವ ವಸ್ತುವಿನ ಅತ್ಯಲ್ಪ ಪ್ರಮಾಣವೂ ಇಲಿಯ ಕರುಳಿನ ಹುಳುಗಳನ್ನು ನಾಶಮಾಡುವುದನ್ನು ಕಂಡುಕೊಂಡಿತು. ಅದರಿಂದ ಸಿದ್ಧಪಡಿಸಿದ ಐವರ್ಮೆಕ್ಟಿನ್ ಎಂಬ ಔಷಧವು 1981ರಲ್ಲಿ ದನ ಕುರಿ ಕುದುರೆಗಳಿಗಾಗಿ ಮಾರುಕಟ್ಟೆಗೆ ಬಂದು, ಕೆಲವೇ ವರ್ಷಗಳಲ್ಲಿ ಪಶುವೈದ್ಯ ಔಷಧಗಳಲ್ಲೆಲ್ಲ ಅಗ್ರಸ್ಥಾನವನ್ನು ಪಡೆಯಿತು. ನಮ್ಮ ಪಶು ಆಸ್ಪತ್ರೆಗಳಲ್ಲಿ ಹಸುವಿಗೆ ಉಣ್ಣೆ ಬಿದ್ದಿತೆಂದಾಗ ಚುಚ್ಚುವ ಮದ್ದಾಗಿ ರೈತರು ಇದನ್ನು ಬಲ್ಲರು.

ಕುದುರೆಗಳಲ್ಲಿರುವ, ನದೀಅಂಧತ್ವದ ಹುಳುವಿನ ದಾಯಾದಿಯಾದ ಇನ್ನೊಂದು ಹುಳುವಿನ ಮೇಲೂ ಈ ಔಷಧವು ಕೆಲಸ ಮಾಡುವುದನ್ನು ಕಂಡ ಕ್ಯಾಂಬೆಲ್‌ನು, ಇದನ್ನು ಮನುಷ್ಯರ ಮೇಲೂ ಪರೀಕ್ಷಿಸಬೇಕೆಂದು ಸಂಶೋಧನಾ ವಿಭಾಗದ ಮುಖ್ಯಸ್ಥನಾದ ರಾಯ್ ವ್ಯಾಜಿಲೋಸ್‌ನಲ್ಲಿ ನಿವೇದಿಸಿದನು. ನಿರ್ಧಾರದ ಕಠಿನವಾದ ಘಳಿಗೆ ಇದು. ಹಂಚಿಕೆಯ ಘೋಷಣೆಯ ದಿನ ಅದರ ಮುಂದೆ ಏನೂ ಅಲ್ಲವೆಂದು ನನ್ನ ಅಭಿಪ್ರಾಯ. ಏಕೆಂದರೆ ಪಶುಗಳ ಔಷಧವಾಗಿ ಕೋಟಿಗಟ್ಟಲೆ ಡಾಲರು ತರುವ ವಸ್ತುವು ಮನುಷ್ಯನ ಮೇಲೆ ಪ್ರಯೋಗಿಸಿದಾಗ ಏನಾದರೂ ಅನಾಹುತವನ್ನುಂಟುಮಾಡಿದರೆ ಪಶುಗಳ ಮಾರುಕಟ್ಟೆಯೂ ಕೈಬಿಡುವ ಭಯವಿದ್ದಿತು. ಸಫಲವಾದರೂ ಅದನ್ನು ಕೊಳ್ಳತಕ್ಕವರ ಬಳಿ ದುಡ್ಡಿರಲಿಲ್ಲ. ಸೋತರೆ ನಷ್ಟ, ಗೆದ್ದರೂ ನಷ್ಟವೆಂಬ ಇಂತಹ ಲೆಕ್ಕವನ್ನು ಯಾವ ವರ್ತಕನು ಒಪ್ಪುವನು? ವ್ಯಾಜಿಲೋಸ್‌ನು ಒಪ್ಪಿದನು. ಗ್ರೀಕ್ ವಲಸೆಗಾರರ ಮಗನಾದ ಈತನ ತಂದೆತಾಯಿಗಳು ಕಂಪನಿಯ ಪ್ರಯೋಗಾಲಯವಿದ್ದ ರಾವೇ ಎಂಬ ಊರಿನಲ್ಲಿ ನಡೆಸುತ್ತಿದ್ದ ಚಿಕ್ಕ ಊಟದ ಅಂಗಡಿಗೆ ಮರ್ಕ್‌ನ ವಿಜ್ಞಾನಿಗಳು ಬರುತ್ತಿದ್ದರು; ಅವರ ಮಾತುಗಳನ್ನು ಕೇಳಿಕೊಂಡೇ ಬೆಳೆದ ಹುಡುಗನು ವೈದ್ಯನಾಗಿ, ಜೀವರಸಾಯನ ಶಾಸ್ತ್ರಜ್ಞನಾಗಿ, ಕೊನೆಗೆ ಆ ಕಂಪನಿಗೇ ಬಂದು ಸೇರಿದ್ದನು. ಈಗ ಬಾಂಗ್ಲಾದೇಶವೆನಿಸಿರುವ ನಾಡಿನಿಂದ ಬಂದ ಮೊಹಮ್ಮದ್ ಅಜೀಜ್ ಎಂಬ ವೈದ್ಯನು, ಹಿಂದೆ ಆಫ್ರಿಕದಲ್ಲಿ ಕೆಲಸ ಮಾಡಿ ಆ ರೋಗವನ್ನು ಕಣ್ಣಾರೆ ಕಂಡಿದ್ದವನು, 1981ರಲ್ಲಿ ಸೆನೆಗಲ್ ದೇಶದ ಡಕಾರ್ ನಗರದಲ್ಲಿ ಅತ್ಯಲ್ಪ ಪ್ರಮಾಣದಿಂದ ಪರೀಕ್ಷೆಗಳನ್ನು ಆರಂಭಿಸಿದನು. ಒಂದೇ ಒಂದು ಸೇವನೆಯಿಂದ ಚರ್ಮದ ಮರಿಹುಳುಗಳು ಮಾಯವಾದುವು. ಹಳೆಯ ಮದ್ದುಗಳು ಉಂಟುಮಾಡುತ್ತಿದ್ದ ಉಪದ್ರವಗಳೂ ಇರಲಿಲ್ಲ.

ಮುಂದಿನ ಆರು ವರ್ಷಗಳನ್ನು ಬೇಗ ದಾಟಬಹುದು. ಗುಳಿಗೆಯನ್ನು ಕೊಂಡು ಹಂಚತಕ್ಕವರನ್ನು ಹುಡುಕಿ ಮರ್ಕ್‌ನವರು ಅಮೆರಿಕದ ಸರಕಾರದ ಬಾಗಿಲನ್ನೂ ಅಂತರರಾಷ್ಟ್ರೀಯ ಸಂಸ್ಥೆಗಳ ಬಾಗಿಲನ್ನೂ ತಟ್ಟಿದರು; ಯಾರೂ ಹಣ ಕೊಡಲು ಮುಂದಾಗಲಿಲ್ಲ. ಅಷ್ಟರಲ್ಲಿ ಕಂಪನಿಯ ಪ್ರಧಾನಾಧಿಕಾರಿಯಾಗಿದ್ದ ವ್ಯಾಜಿಲೋಸ್‌ನು 1987ರ ಅಕ್ಟೋಬರ್ 21ರಂದು, ಬೇಕಾದವರಿಗೆಲ್ಲ, ಬೇಕಾದಷ್ಟು ಕಾಲ, ಈ ಔಷಧವನ್ನು ಬೆಲೆಯಿಲ್ಲದೆ ಕೊಡುವುದಾಗಿ ಘೋಷಿಸಿದನು. ಕೆಲವೇ ವಾರಗಳ ಬಳಿಕ ಅಜೀಜ್ ತೀರಿಕೊಂಡನು. 2015ರಲ್ಲಿ ನೊಬೆಲ್ ಪಾರಿತೋಷಕವು ಓಮುರನಿಗೂ ಕ್ಯಾಂಬೆಲ್‌ನಿಗೂ ಬಂದಾಗ ಆತನು ಅದನ್ನು ಕಾಣಲು ಇರಲಿಲ್ಲ.

ಕೊಡುವುದಾಗಿ ಹೇಳುವುದಕ್ಕಿಂತ ಕೊಟ್ಟುದು ಮುಟ್ಟುವಂತೆ ಮಾಡುವುದು ದೊಡ್ಡ ಕೆಲಸ. ಗುಳಿಗೆಯು ಮರಿಹುಳುಗಳನ್ನು ಕೊಲ್ಲುತ್ತದೆ, ತಾಯಿಹುಳುವನ್ನು ಕೊಲ್ಲುವುದಿಲ್ಲ. ಆದುದರಿಂದ ತಾಯಿಹುಳುವಿನ ಆಯುಷ್ಯ ಮುಗಿಯುವವರೆಗೆ, ಅಂದರೆ ಹತ್ತು ಹದಿನೈದು ವರ್ಷಗಳ ಕಾಲ, ವರ್ಷಕ್ಕೊಮ್ಮೆಯಾದರೂ ಊರಿಗೆ ಊರೇ ಅದನ್ನು ನುಂಗಬೇಕು. ತಕ್ಕಡಿಯಿಲ್ಲದ ಊರುಗಳಲ್ಲಿ ಮೈತೂಕವನ್ನು ನೋಡಿ ಪ್ರಮಾಣವನ್ನು ನಿಶ್ಚಯಿಸುವುದು ಅಸಾಧ್ಯವಾದುದರಿಂದ, ಗೆರೆ ಹಾಕಿದ ಒಂದು ಕೋಲನ್ನು ಪಕ್ಕದಲ್ಲಿ ನಿಲ್ಲಿಸಿ ಎತ್ತರವನ್ನಳೆದು ಗುಳಿಗೆಯ ಸಂಖ್ಯೆಯನ್ನು ಗೊತ್ತುಮಾಡುವ ಉಪಾಯವನ್ನು ಕಂಡುಹಿಡಿದರು. ಹಂಚುವವರನ್ನು ಊರವರೇ ತಮ್ಮೊಳಗಿಂದ ಆರಿಸಿಕೊಳ್ಳುವ ಪದ್ಧತಿಯು 1990ರ ದಶಕದಲ್ಲಿ ಬೇರೂರಿದಮೇಲೆ ಕೆಲಸವು ಹಬ್ಬಿತು. ಮಧ್ಯ ಆಫ್ರಿಕದ ಕೆಲವು ಭಾಗಗಳಲ್ಲಿ ಬೇರೊಂದು ಜಾತಿಯ ಕಣ್ಣುಹುಳು ಮೈಯಲ್ಲಿ ಹೇರಳವಾಗಿದ್ದವರಿಗೆ ಈ ಗುಳಿಗೆಯಿಂದಲೇ ಮಿದುಳಿಗೆ ಪ್ರಾಣಾಪಾಯ ಒದಗಿದ ಪ್ರಸಂಗಗಳೂ ಉಂಟು. ಅಲ್ಲಿ ಹಂಚಿಕೆಯನ್ನು ತಡೆದು, ಪರೀಕ್ಷೆ ಮಾಡಿ, ಎಚ್ಚರದಿಂದ ಮುಂದುವರಿಯಬೇಕಾಯಿತು. 2013ರಲ್ಲಿ ಕೊಲಂಬಿಯ, ಅನಂತರ ಈಕ್ವೆಡಾರ್, ಮೆಕ್ಸಿಕೊ, ಗ್ವಾಟೆಮಾಲ, ಕೊನೆಗೆ 2025ರ ಆರಂಭದಲ್ಲಿ ಆಫ್ರಿಕದಲ್ಲಿಯೇ ಮೊದಲನೆಯದಾಗಿ ನೈಜರ್ ದೇಶ, ಹೀಗೆ ಒಂದೊಂದೇ ದೇಶವು ರೋಗಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಮಾನ್ಯವಾಗಿದೆ. ಅದೇ ಐವರ್ಮೆಕ್ಟಿನ್ ಆನೆಕಾಲು ರೋಗದ ನಿರ್ಮೂಲನಕ್ಕಾಗಿ ಇನ್ನೆರಡು ಔಷಧಗಳ ಜೊತೆಗೆ ನಮ್ಮ ಯಾದಗಿರಿಯ ಜನಕ್ಕೂ ಬಂದಿದೆ. ಬಿಸಿಲಿನಲ್ಲಿ ಮನೆಮನೆಗೆ ನಡೆದು ಗುಳಿಗೆ ನುಂಗಿಸುವ ಆಶಾ ಕಾರ್ಯಕರ್ತೆಯರನ್ನೂ, ಆಫ್ರಿಕದ ಊರುಗಳಲ್ಲಿ ಕೂಲಿಯೆಂಬ ಹೆಸರಿನದು ಏನೂ ಇಲ್ಲದೆಯೇ ವರ್ಷವರ್ಷವೂ ಹಂಚಿದ ಸ್ವಯಂಸೇವಕರನ್ನೂ ದಾನದ ಕಥೆಗಳು ಸಾಕಷ್ಟು ನೆನೆಯುವುದಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಈ ದಾನದಿಂದ ಕಂಪನಿಗೂ ಪ್ರಯೋಜನವಾಯಿತು: ತೆರಿಗೆಯ ರಿಯಾಯಿತಿ, ಲೋಕದ ಪ್ರಶಂಸೆ, ಪ್ರತಿಭಾವಂತರಾದ ತರುಣ ವಿಜ್ಞಾನಿಗಳ ಒಲವು. ಅದನ್ನೇ ಹಿಡಿದುಕೊಂಡು, ಇದು ದಾನವೇ ಅಲ್ಲ, ದೂರದ ಲೆಕ್ಕಾಚಾರವೆಂದು ಹೇಳುವ ಜನರಿದ್ದಾರೆ. ಇಂತಹ ಟೀಕೆಯಲ್ಲಿ ನನಗೆ ರುಚಿಯಿಲ್ಲ. ಕಣ್ಣು ಉಳಿದವನಿಗೆ ಕೊಟ್ಟವನ ಅಂತರಂಗವನ್ನು ಶೋಧಿಸುವ ಅಗತ್ಯವಿಲ್ಲ.

ಇನ್ನು ಎರಡನೆಯ ಗುಳಿಗೆ. ವ್ಯಾಜಿಲೋಸ್‌ನು 1994ರಲ್ಲಿ ನಿವೃತ್ತನಾದನು; ರೇಮಂಡ್ ಗಿಲ್ಮಾರ್ಟಿನ್ ಎಂಬಾತನು ಆ ಸ್ಥಾನಕ್ಕೆ ಬಂದನು. 1999ರ ಮೇ ತಿಂಗಳಲ್ಲಿ ಸಂಧಿವಾತಕ್ಕಾಗಿ ವಯಾಕ್ಸ್ ಎಂಬ ನೋವುಶಾಮಕವು ಅಮೆರಿಕದ ಔಷಧ ಇಲಾಖೆಯ ಒಪ್ಪಿಗೆಯನ್ನು ಪಡೆಯಿತು. ಅದರ ಶಾಸ್ತ್ರೀಯ ನಾಮಧೇಯ ರೋಫೆಕಾಕ್ಸಿಬ್. ಹಳೆಯ ನೋವಿನ ಗುಳಿಗೆಗಳು ಹೊಟ್ಟೆಯಲ್ಲಿ ಹುಣ್ಣನ್ನೂ ರಕ್ತಸ್ರಾವವನ್ನೂ ಉಂಟುಮಾಡುತ್ತವೆಂಬುದನ್ನು ಎಲ್ಲರೂ ಬಲ್ಲರು. ಇದು ಹಾಗೆ ಮಾಡುವುದು ಕಡಮೆಯೆಂಬುದೇ ಇದರ ಹಿರಿಮೆ. ಆ ಹಿರಿಮೆಯನ್ನು ಸಿದ್ಧಪಡಿಸಲು 8,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶವು 2000ದ ಮಾರ್ಚಿನಲ್ಲಿ ಕೈಸೇರಿತು. ಹೊಟ್ಟೆಯ ವಿಷಯದಲ್ಲಿ ನಿರೀಕ್ಷೆ ಸಫಲವಾಗಿದ್ದಿತು. ಆದರೆ ಹೋಲಿಕೆಗಾಗಿ ನೆಪ್ರಾಕ್ಸೆನ್ ಎಂಬ ಹಳೆಯ ಗುಳಿಗೆಯನ್ನು ಕೊಟ್ಟಿದ್ದವರಲ್ಲಿ ನಾಲ್ವರಿಗೆ ಹೃದಯಾಘಾತವಾಗಿದ್ದರೆ, ವಯಾಕ್ಸ್ ನುಂಗಿದವರಲ್ಲಿ ಇಪ್ಪತ್ತು ಮಂದಿಗೆ ಆಗಿದ್ದಿತು.

ಈ ಇಪ್ಪತ್ತು ಎಂಬ ಸಂಖ್ಯೆಗೂ ಒಂದು ಚರಿತ್ರೆಯುಂಟು. ಅದೇ ವರ್ಷದ ನವೆಂಬರಿನಲ್ಲಿ ಪ್ರಸಿದ್ಧವಾದ ವೈದ್ಯಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧದ ಗಣನೆಯಲ್ಲಿ ಸೇರಿದ್ದುದು ಹದಿನೇಳು ಮಾತ್ರ. ಉಳಿದ ಮೂರು ಪೂರ್ವನಿಶ್ಚಿತವಾದ ಗಡುವಿನ ದಿನಾಂಕದ ನಂತರ ಸಂಭವಿಸಿದುವಾದುದರಿಂದ ಸೇರಿಸಲಿಲ್ಲವೆಂಬುದು ಕಂಪನಿಯ ಸಮಾಧಾನ. ಪ್ರಬಂಧವು ಅಚ್ಚಾಗುವುದಕ್ಕೆ ತಿಂಗಳುಗಳ ಮೊದಲೇ ಲೇಖಕರಲ್ಲಿ ಇಬ್ಬರಿಗಾದರೂ ಆ ಮೂರರ ಸಂಗತಿ ತಿಳಿದಿದ್ದಿತೆಂದು ಆ ಪತ್ರಿಕೆಯ ಸಂಪಾದಕರೇ 2005ರಲ್ಲಿ ಬಹಿರಂಗವಾಗಿ ಕಳವಳವನ್ನು ವ್ಯಕ್ತಪಡಿಸಿದರು. ಇನ್ನು ವ್ಯತ್ಯಾಸದ ವ್ಯಾಖ್ಯಾನವೋ, ಬಲು ಚಾತುರ್ಯದ್ದು: ವಯಾಕ್ಸ್ ಹೃದಯವನ್ನು ಕೆಡಿಸಿತೆಂದಲ್ಲ, ನೆಪ್ರಾಕ್ಸೆನ್ ಹೃದಯವನ್ನು ಕಾಪಾಡಿತು ಎಂದರು. ತರ್ಕದೃಷ್ಟಿಯಿಂದ ಅದು ಅಸಂಭವವಾದ ಮಾತಲ್ಲ, ಆದರೆ ಸಿದ್ಧವಾದ ಮಾತೂ ಅಲ್ಲ. ಎರಡು ಅರ್ಥಗಳಿಗೆ ಎಡೆಯಿರುವಲ್ಲಿ ತನಗೆ ಲಾಭಕರವಾದ ಅರ್ಥವನ್ನೇ ಹಿಡಿದು, ರೋಗಿಗೆ ಭಯಕಾರಕವಾದ ಅರ್ಥವನ್ನು ರೋಗಿಯ ಕಿವಿಗೆ ಹಾಕದೆ ಇರುವುದಕ್ಕೆ ಸುಳ್ಳು ಹೇಳುವ ಅವಶ್ಯಕತೆಯೇ ಇಲ್ಲ. ಮಾತನ್ನು ತಡವಾಗಿ ಹೇಳಿದರೆ ಸಾಕು. 2001ರ ಸೆಪ್ಟೆಂಬರಿನಲ್ಲಿ ಔಷಧ ಇಲಾಖೆಯು, ಹೃದಯದ ಅಪಾಯವನ್ನು ಪ್ರಚಾರದಲ್ಲಿ ಕಿರಿದುಗೊಳಿಸುತ್ತಿದ್ದೀರೆಂದು ಕಂಪನಿಗೆ ಎಚ್ಚರಿಕೆಯ ಪತ್ರವನ್ನು ಬರೆಯಿತು. ಔಷಧದ ಸೂಚನಾಪತ್ರದಲ್ಲಿ ಆ ಸಂಗತಿಯು ಸೇರಿದುದು 2002ರ ಏಪ್ರಿಲಿನಲ್ಲಿ, ಫಲಿತಾಂಶ ಕೈಸೇರಿದ ಎರಡು ವರ್ಷಗಳ ಮೇಲೆ. ಈ ಮಧ್ಯೆ ವೈದ್ಯರ ಬಾಗಿಲಿಗೆ ಹೋಗುವ ಮೆಡಿಕಲ್ ರೆಪ್‌ಗಳಿಗೆ, ಹೃದಯದ ಪ್ರಶ್ನೆಯನ್ನು ವೈದ್ಯರು ಎತ್ತಿದಾಗ ಹೇಗೆ ನಿಭಾಯಿಸಬೇಕೆಂದು ಆಟದ ರೂಪದಲ್ಲಿ ತರಬೇತಿ ಕೊಟ್ಟಿದ್ದುದು ಮುಂದೆ ಅಮೆರಿಕದ ಸಂಸತ್ತಿನ ವಿಚಾರಣೆಯಲ್ಲಿ ಹೊರಬಿದ್ದಿತು. ಚೆಂಡು ಮೈಗೆ ತಾಗದಂತೆ ಬಾಗಿ ತಪ್ಪಿಸಿಕೊಳ್ಳುವ, ಮಕ್ಕಳ ಆಟವೊಂದರ ಹೆಸರನ್ನೇ ಅದಕ್ಕೆ ಇಟ್ಟಿದ್ದರು.

2004ರ ಸೆಪ್ಟೆಂಬರ್ 30ರಂದು, ದೊಡ್ಡಕರುಳಿನ ಗೆಡ್ಡೆಗಳನ್ನು ಕುರಿತ ಇನ್ನೊಂದು ಪರೀಕ್ಷೆಯಲ್ಲಿ, ಹದಿನೆಂಟು ತಿಂಗಳು ಮೀರಿ ನುಂಗಿದವರಿಗೆ ಹೃದಯದ ಅಪಾಯ ಹೆಚ್ಚುವುದು ಸಂದೇಹಕ್ಕೆಡೆಯಿಲ್ಲದಂತೆ ಕಂಡುಬಂದುದರಿಂದ, ಮರ್ಕ್ ಸ್ವತಃ ವಯಾಕ್ಸನ್ನು ಜಗತ್ತಿನ ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಹಿಂದಿನ ವರ್ಷ ಆ ಒಂದೇ ಗುಳಿಗೆ ತಂದಿದ್ದುದು ಸುಮಾರು 250 ಕೋಟಿ ಡಾಲರು. ಹಿಂತೆಗೆತವು ಸ್ವಯಂಪ್ರೇರಿತವಾಗಿದ್ದಿತೆಂಬುದನ್ನು ಕಂಪನಿಯ ಪರವಾಗಿ ಹೇಳಲೇಬೇಕು. ನಾಲ್ಕೂವರೆ ವರ್ಷ ತಡವಾಯಿತೆಂಬುದನ್ನು ಹೇಳದಿರಲೂ ಆಗದು. 2007ರಲ್ಲಿ ಹತ್ತಾರು ಸಾವಿರ ರೋಗಿಗಳ ಮೊಕದ್ದಮೆಗಳನ್ನು, ತಪ್ಪೊಪ್ಪಿಕೊಳ್ಳದೆಯೇ, 485 ಕೋಟಿ ಡಾಲರು ಕೊಟ್ಟು ಬಗೆಹರಿಸಿಕೊಂಡರು. 2011ರಲ್ಲಿ, ಅನುಮತಿಯಿಲ್ಲದ ಉಪಯೋಗಕ್ಕೆ ಪ್ರಚಾರ ಮಾಡಿದ ಅಪರಾಧವನ್ನು ಒಪ್ಪಿ, ಸರಕಾರಕ್ಕೆ 95 ಕೋಟಿ ಡಾಲರು ತೆರಲು ಸಮ್ಮತಿಸಿದರು.

ಇದೇ ಸಂಸ್ಥೆಯು 1980ರಲ್ಲಿ ಇನ್ನೊಂದು ಬಗೆಯಾಗಿ ನಡೆದುಕೊಂಡಿದ್ದುದನ್ನು ಇಲ್ಲಿ ನೆನೆಯಬೇಕು. ರಕ್ತದ ಕೊಬ್ಬನ್ನಿಳಿಸುವ ಲೋವಾಸ್ಟಾಟಿನ್ ಎಂಬ ಔಷಧದ ಪರೀಕ್ಷೆ ಆಗ ನಡೆಯುತ್ತಿದ್ದಿತು. ಅದೇ ಕುಲದ ಜಪಾನಿ ಔಷಧವೊಂದು ನಾಯಿಗಳಲ್ಲಿ ಕೇಡು ಮಾಡಿತೆಂಬ ವದಂತಿ, ಕೇವಲ ವದಂತಿ, ಕಿವಿಗೆ ಬಿದ್ದೊಡನೆ ವ್ಯಾಜಿಲೋಸ್‌ನ ವಿಭಾಗವು ತನ್ನ ಪರೀಕ್ಷೆಗಳನ್ನೆಲ್ಲ ನಿಲ್ಲಿಸಿ, ಪ್ರಾಣಿಗಳ ಮೇಲೆ ವರ್ಷಗಟ್ಟಲೆ ಪುನಃಶೋಧನೆ ಮಾಡಿ, ಕೇಡಿಲ್ಲವೆಂದು ಮನವರಿಕೆಯಾದಮೇಲೆಯೇ ಮುಂದುವರಿಸಿತು. ಅಲ್ಲಿ ವದಂತಿಗೆ ನಿಂತರು. ಇಲ್ಲಿ ನಾಲ್ಕಕ್ಕೆ ಇಪ್ಪತ್ತೆಂಬ ಅಂಕಿಗೂ ನಿಲ್ಲಲಿಲ್ಲ. ವ್ಯಕ್ತಿಗಳು ಬದಲಾದುದೇ ಕಾರಣವೆಂದು ತೀರ್ಮಾನಿಸುವುದು ಸುಲಭ, ಅದರಲ್ಲಿ ಸ್ವಲ್ಪ ನಿಜವೂ ಇರಬಹುದು. ಆದರೆ ಪರಿಸ್ಥಿತಿಗಳ ಭೇದವನ್ನೂ ಗಮನಿಸಬೇಕು. ಲೋವಾಸ್ಟಾಟಿನ್ ಇನ್ನೂ ಪೇಟೆಯನ್ನು ಕಂಡಿರಲಿಲ್ಲ. ವಯಾಕ್ಸ್ ಆಗಲೇ ಲಕ್ಷಾಂತರ ಜನರ ಮನೆಯ ಕಪಾಟಿನಲ್ಲಿ, ಕಂಪನಿಯ ಆಯವ್ಯಯದಲ್ಲಿ, ಪ್ರತಿಸ್ಪರ್ಧಿಯ ಅಂಥದೇ ಗುಳಿಗೆಯೊಂದಿಗಿನ ಜಿದ್ದಿನಲ್ಲಿ, ಮೂರು ತಿಂಗಳಿಗೊಮ್ಮೆ ಷೇರುಪೇಟೆಗೆ ಒಪ್ಪಿಸಬೇಕಾದ ಭರವಸೆಯಲ್ಲಿ ಹೊಕ್ಕು ಕುಳಿತಿದ್ದಿತು. ನದೀಅಂಧತ್ವದ ರೋಗಿಯ ಬಳಿ ಕೊಡಲು ಏನೂ ಇಲ್ಲದುದರಿಂದ ಅವನಿಂದ ಬಚ್ಚಿಡತಕ್ಕದ್ದೂ ಏನೂ ಇರಲಿಲ್ಲ. ಸಂಧಿವಾತದ ರೋಗಿ ದಿನವೂ ದುಡ್ಡು ಕೊಟ್ಟು ನುಂಗುತ್ತಿದ್ದನು. ಅವನಿಗೆ ನಿಜವನ್ನು ಹೇಳುವುದೆಂದರೆ ಅವನನ್ನು ಕಳೆದುಕೊಳ್ಳುವುದು. ದಾನವನ್ನು ಒಮ್ಮೆ ನಿಶ್ಚಯಿಸಿದರೆ ಮುಗಿಯಿತು, ಅನಂತರ ನಡೆಯಬೇಕಾದುದು ಅದರ ನಿರ್ವಹಣೆ ಮಾತ್ರ. ಗಿರಾಕಿಗೆ ಸತ್ಯವನ್ನು ನಿವೇದಿಸುವ ವ್ರತವಾದರೋ ಪ್ರತಿದಿನವೂ, ಪ್ರತಿಯೊಂದು ವರದಿ ಬಂದಾಗಲೂ, ಲಾಭಕ್ಕೆ ಇದಿರಾಗಿ ಹೊಸದಾಗಿ ನಿಶ್ಚಯಿಸಬೇಕಾದುದು. ಹೊರಗಿನವನಿಗೆ ಉದಾರಿಯಾಗುವುದು ಒಳಗಿನವನಿಗೆ ಋಜುವಾಗಿರುವುದಕ್ಕಿಂತ ಸುಲಭವೆಂಬುದನ್ನು ಈ ಎರಡು ಗುಳಿಗೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದವರು ಅಲ್ಲಗಳೆಯಲಾರರು. ದೊಡ್ಡ ದಾನವನ್ನು ಮಾಡಿದೆವೆಂಬ ಸ್ಮರಣೆಯೇ, ತಮ್ಮ ಮನೆಯಲ್ಲಿ ಅಧರ್ಮ ನಡೆಯಲಾರದೆಂಬ ಒಂದು ನಿಶ್ಚಿಂತೆಯನ್ನು ಜನರಲ್ಲಿ ಬೆಳೆಸಿದ್ದರೂ ಬೆಳೆಸಿರಬಹುದು. ಇದು ನನ್ನ ಊಹೆ, ಪ್ರಮಾಣ ಕೇಳಿದರೆ ಕೊಡಲಾರೆ.

ನಮ್ಮ ದೇಶವು ಈ ಕಥೆಯ ಹೊರಗೇನೂ ಉಳಿಯಲಿಲ್ಲ. ಔಷಧದ ವಸ್ತುವಿಗೆ ಪೇಟೆಂಟು ಕೊಡದ 1970ರ ಕಾಯಿದೆಯು ಇನ್ನೂ ಜಾರಿಯಲ್ಲಿದ್ದ ಕಾಲವದು; ಆದುದರಿಂದ ರೋಫೆಕಾಕ್ಸಿಬನ್ನು ಇಲ್ಲಿನ ಹಲವು ಕಂಪನಿಗಳು ಬೇರೆ ಬೇರೆ ಹೆಸರಿಟ್ಟು ಮಾರುತ್ತಿದ್ದುವು. ಆ ಕಾಯಿದೆಯು ಬಡರೋಗಿಗೆ ಅಗ್ಗದ ಔಷಧವನ್ನು ಒದಗಿಸಿದ ಉಪಕಾರ ದೊಡ್ಡದು. ಆದರೆ ಮಾರುವವನೊಬ್ಬ, ಪರೀಕ್ಷಿಸಿದವನಿನ್ನೊಬ್ಬನಾದಾಗ, ಇಲ್ಲಿ ಮಂಡಿನೋವಿಗೆ ಅದನ್ನು ನುಂಗುತ್ತಿದ್ದ ವೃದ್ಧೆಗೆ ಹೃದಯದ ಸಂಗತಿಯನ್ನು ಹೇಳಬೇಕಾಗಿದ್ದ ಹೊಣೆ ಯಾರದು? ಕಂಡುಹಿಡಿದವನಿಗೆ ಅವಳು ಗಿರಾಕಿಯಲ್ಲ; ಅವಳಿಗೆ ಮಾರಿದವನಿಗೆ ಆ ಪರೀಕ್ಷೆಯಲ್ಲಿ ಪಾಲಿರಲಿಲ್ಲ. 2004ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ರೋಫೆಕಾಕ್ಸಿಬನ್ನು ನಿಷೇಧಿಸಿತು. ಅಮೆರಿಕದ ಹಿಂತೆಗೆತಕ್ಕೂ ಇದಕ್ಕೂ ನಡುವೆ ಸುಮಾರು ಎರಡೂವರೆ ತಿಂಗಳ ಅಂತರ.

ಅದಾಗಿ ಒಂಬತ್ತು ವರ್ಷಕ್ಕೆ ನಮ್ಮ ಸಂಸತ್ತು ಹೊಸ ಕಂಪನಿ ಕಾಯಿದೆಯನ್ನು ಅಂಗೀಕರಿಸಿತು. 2013ರ ಈ ಕಾಯಿದೆಯ 135ನೆಯ ವಿಧಿಯು, ಒಂದು ಗಾತ್ರವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನಾದರೂ ಸಾಮಾಜಿಕ ಕಾರ್ಯಗಳಿಗೆ ವ್ಯಯಿಸಬೇಕೆಂದು ವಿಧಿಸುತ್ತದೆ. ಅದೇ ಕಾಯಿದೆಯ 166ನೆಯ ವಿಧಿಯು, ನಿರ್ದೇಶಕನಾದವನು ಷೇರುದಾರರ ಜೊತೆಗೆ ಕೆಲಸಗಾರರ, ಸಮುದಾಯದ ಹಿತವನ್ನೂ ಪರಿಸರದ ರಕ್ಷಣೆಯನ್ನೂ ಗಮನದಲ್ಲಿಟ್ಟು ಸದ್ಭಾವದಿಂದ ನಡೆಯತಕ್ಕದ್ದೆಂದು ಹೇಳುತ್ತದೆ. ಮೊದಲನೆಯದು ಎಲ್ಲರ ಬಾಯಲ್ಲಿಯೂ ಸಿಎಸ್‌ಆರ್ ಎಂಬ ಮೂರಕ್ಷರವಾಗಿ ನೆಲೆಸಿದೆ. ಅದಕ್ಕೊಂದು ಸಮಿತಿ, ವಾರ್ಷಿಕ ವರದಿಯಲ್ಲೊಂದು ಕೋಷ್ಟಕ, ಶಾಲೆಯ ಗೋಡೆಯ ಮೇಲೊಂದು ಫಲಕ. ಎರಡನೆಯದನ್ನು ಉಲ್ಲಂಘಿಸಿದ ನಿರ್ದೇಶಕನಿಗೆ ವಿಧಿಸಬಹುದಾದ ದಂಡ ಒಂದು ಲಕ್ಷದಿಂದ ಐದು ಲಕ್ಷ ರೂಪಾಯಿ. ಅದರ ಹೆಸರನ್ನೆತ್ತಿದರೆ ಗುರುತಿಸುವವರು ವಕೀಲರಲ್ಲಿಯೂ ಹೆಚ್ಚಿಲ್ಲ. ಶೇ 2ನ್ನು ಎಣಿಸಬಹುದು, ಸದ್ಭಾವವನ್ನು ಎಣಿಸಲಾಗದು ಎಂಬುದು ಇದಕ್ಕೆ ಕೊಡಬಹುದಾದ ಸಮಾಧಾನ. ಎಣಿಸಲು ಬರುವುದನ್ನೇ ಧರ್ಮವೆಂದು ಗಣಿಸುತ್ತ ಹೋದರೆ, ಹೊಳೆಗೆ ವಿಷವನ್ನು ಬಿಟ್ಟ ಕಾರ್ಖಾನೆಯು ಅದೇ ಹೊಳೆಯ ದಡದ ಶಾಲೆಗೆ ಶುದ್ಧ ನೀರಿನ ಘಟಕವನ್ನು ಕೊಟ್ಟು ಎರಡು ಕಡೆಯಲ್ಲಿಯೂ ಸೈ ಎನಿಸಿಕೊಳ್ಳುವುದಕ್ಕೆ ಅಡ್ಡಿಯೇನು?

ಷೇರುದಾರನ ಹಿತ ಒಂದು ಕಡೆ, ಉಳಿದವರ ಹಿತ ಇನ್ನೊಂದು ಕಡೆಯೆಂದು ಮ್ಯಾನೇಜ್‌ಮೆಂಟ್ ತರಗತಿಯಲ್ಲಿ ಹಾಕುವ ಗೆರೆಯನ್ನು ಕುರಿತು ಒಂದು ಮಾತು ಉಳಿದಿದೆ. ವಯಾಕ್ಸನ್ನು ಹಿಂತೆಗೆದ ದಿನ ಮರ್ಕ್‌ನ ಷೇರಿನ ಬೆಲೆ ಕಾಲುಭಾಗಕ್ಕಿಂತಲೂ ಹೆಚ್ಚಾಗಿ ಕುಸಿಯಿತು. ಯಾರ ಲಾಭದ ರಕ್ಷಣೆಗಾಗಿ ಹೃದಯದ ಸಂಗತಿಯನ್ನು ತಗ್ಗಿದ ದನಿಯಲ್ಲಿ ಹೇಳುತ್ತ ಬರಲಾಗಿದ್ದಿತೋ ಆ ಷೇರುದಾರರೇ, ಆ ಸಂಗತಿಯನ್ನು ತಮ್ಮಿಂದ ಮರೆಮಾಚಿ ತಮ್ಮನ್ನು ವಂಚಿಸಿದರೆಂದು ನ್ಯಾಯಾಲಯದ ಮೆಟ್ಟಿಲನ್ನೇರಿದರು. ದಾವೆಯನ್ನು ಹೂಡುವುದಕ್ಕೆ ಕಾಲಮಿತಿ ಮೀರಿಹೋಗಿದೆಯೆಂದು ಕಂಪನಿಯು ವಾದಿಸಿತು. ಮೀರಿಲ್ಲವೆಂದು 2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪಿತ್ತಿತು. 2016ರ ಜನವರಿಯಲ್ಲಿ, ರೋಗಿಗಳ ಲೆಕ್ಕ ಚುಕ್ತಾ ಆಗಿ ವರ್ಷಗಳೇ ಸಂದಿದ್ದ ಕಾಲದಲ್ಲಿ, ಕಂಪನಿಯು ತನ್ನ ಷೇರುದಾರರಿಗೆ 83 ಕೋಟಿ ಡಾಲರು ಕೊಟ್ಟು ಆ ವ್ಯಾಜ್ಯವನ್ನು ಮುಗಿಸಲು ಒಪ್ಪಿತು.